ಕೀ ಅಕ್ಕನ ನಲವತ್ತು ಸೆಕೆಂಡಿನ ವಿಡಿಯೋ

ಮಾರುಕಟ್ಟೆಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಬೇರೆಯವರಾದರೆ ಪೊರಕೆ, ಬಕೆಟ್ ಇಟ್ಟುಕೊಳ್ಳುವಷ್ಟು ಜಾಗದಲ್ಲಿ ಆಕೆಯ ಅಂಗಡಿ. ಎದ್ದು ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ, ಹಾಗಾಗಿ ಎಲ್ಲ ಕೆಲಸವೂ ಕೂತೇ. ಹಿಂದಿನ ಗೋಡೆಯ ತುಂಬ ಹಲ್ಲು ಕೊರೆಯದ ಹಿತ್ತಾಳೆ ಕೀಗಳು ಮೊಳೆಗೆ ನೇತುಬಿದ್ದಿವೆ. ಮುಂದೆ ಕೀ ಕತ್ತರಿಸುವ ಮೆಷಿನ್. ಅದರ ಒಂದು ಹಿಡಿಕೆಯಲ್ಲಿ ಗಿರಾಕಿಯ ಕೀ, ಇನ್ನೊಂದರಲ್ಲಿ ಖಾಲಿ ಕೀ. ಒಂದರ ಹಲ್ಲಿನ ಏರಿಳಿತದ ಮೇಲೆ ಕಡ್ಡಿಯೊಂದು ಹರಿಯುತ್ತಿದ್ದಂತೆ, ಪಕ್ಕದ ಚಕ್ರ ಅದೇ ಏರಿಳಿತವನ್ನು ಇನ್ನೊಂದರಲ್ಲಿ ಕೊರೆಯುತ್ತದೆ.

ಅಂಗಡಿ ಮಾವನದ್ದು. ಮಾವ ತೀರಿಕೊಂಡಾಗ ಗಂಡ ಲಾರಿಯ ಕೆಲಸ ಬಿಡಲು ಒಪ್ಪಲಿಲ್ಲ. ಮಾವನಿಗೆ ಊಟದ ಡಬ್ಬಿ ತಂದುಕೊಟ್ಟು, ಅವರು ಉಣ್ಣುವಷ್ಟು ಹೊತ್ತು ಮೆಷಿನ್ ಮುಂದೆ ಕೂರುತ್ತಿದ್ದ ಸೊಸೆಗೆ ಕೆಲಸ ಆಗಲೇ ಕೈಗೆ ಹತ್ತಿತ್ತು. ಮೊದಮೊದಲು ಬಂದವರೆಲ್ಲ, "ಯಜಮಾನರು ಇಲ್ವಾ?" ಎನ್ನುತ್ತಿದ್ದರು.

"ಎದುರಿಗೇ ಕೂತಿದ್ದೀನಲ್ಲ, ಕೀ ಕೊಡಿ," ಎನ್ನುತ್ತಿದ್ದಳು.

ವಿಡಿಯೋದ ಹುಳ ಬಿಟ್ಟವನು ಪಕ್ಕದ ವಾಚ್ ರಿಪೇರಿಯವನು. "ಅಕ್ಕಾ, ನಿಮ್ಮ ಕೈ ಓಡೋದನ್ನ ಜನ ನಿಂತು ನೋಡ್ತಾರೆ. ಫೋನಲ್ಲಿ ಹಾಕಿ, ಮಲಗಿಕೊಂಡು ನೋಡಲಿ ಪಾಪ."

ಕಬ್ಬಿಣದ ಸರಳೊಂದನ್ನು ಬಗ್ಗಿಸಿ ಆಕೆಯೇ ಫೋನಿಗೆ ಸ್ಟ್ಯಾಂಡ್ ಮಾಡಿಕೊಂಡಳು. ತುಕ್ಕು ಹಿಡಿದ ಬೀಗ ಬಿಚ್ಚಿದ್ದು, ಬೆಂಕಿಕಡ್ಡಿ ಮುರಿದು ಸಿಕ್ಕಿಕೊಂಡ ಬೀಗದ ಬಾಯಿ ಬಿಡಿಸಿದ್ದು, ಹೀಗೆ ಚಿಕ್ಕ ಚಿಕ್ಕ ವಿಡಿಯೋಗಳು. ಮಾತಿಲ್ಲ, ಹಾಡಿಲ್ಲ, ಮೆಷಿನ್ನಿನ ಸದ್ದು ಮತ್ತು ಎರಡು ಕೈ. ಹೆಸರು 'ಕೀ ಅಕ್ಕ'. ನೋಡುವವರು ನೂರಾದರು, ಸಾವಿರವಾದರು. ಮೆಟ್ಟಿಲ ಕೆಳಗೆ ಕೂತವಳನ್ನು ಮೆಟ್ಟಿಲು ಹತ್ತುವವರು ನೋಡುವುದಿಲ್ಲ. ಈಗ ಎಲ್ಲಿಯವರೋ ಯಾರೋ, "ಅಕ್ಕನ ಕೈಗೆ ದೃಷ್ಟಿ ತೆಗೀರಿ," ಎಂದು ಬರೆಯುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನೇ ತೆಗೆದು ಮತ್ತೆ ಮತ್ತೆ ಓದುತ್ತಿದ್ದಳು.

ಚಿತ್ರೀಕರಣಕ್ಕೆ ಅಡ್ಡವಾದದ್ದು ಒಂದೇ. ಕೀ ಕತ್ತರಿಸುವಾಗ ಮಾವ ಮೆಷಿನ್ನಿನ ಮೇಲೆ ಒಂದು ಖಾಕಿ ಬಟ್ಟೆ ಇಳಿಬಿಡುತ್ತಿದ್ದರು. ಹಿತ್ತಾಳೆ ಪುಡಿ ಗಿರಾಕಿಯ ಕಣ್ಣಿಗೆ ಹಾರದಿರಲಿ ಎಂದು ಹಾಗೆ ಮಾಡುತ್ತಾರೆ ಎಂದುಕೊಂಡಿದ್ದ ಆಕೆಯೂ ಅದನ್ನೇ ಮುಂದುವರಿಸಿದ್ದಳು. ಬಟ್ಟೆ ಇದ್ದರೆ ಫೋನಿಗೆ ಏನೂ ಕಾಣುತ್ತಿರಲಿಲ್ಲ. ತೆಗೆದಿಟ್ಟಳು. ಪುಡಿಗೆ ಪ್ಲಾಸ್ಟಿಕ್ಕಿನ ಒಂದು ಪಾರದರ್ಶಕ ತಟ್ಟೆ ಅಡ್ಡ ಇಟ್ಟಳು.

ಅತಿ ಹೆಚ್ಚು ಜನ ನೋಡಿದ್ದು ನಲವತ್ತು ಸೆಕೆಂಡಿನ ಒಂದು ವಿಡಿಯೋ. ಹೊಸ ಬೀಗದ ಕೀಯೊಂದಕ್ಕೆ ಎರಡು ನಕಲು ಮಾಡಿದ್ದು. ಮೊದಲು ಕೀಯನ್ನು ಕಪ್ಪು ರೆಕ್ಸಿನ್ ಮೇಲೆ ಮಲಗಿಸಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟಿದ್ದಳು. ಬೇರೆ ಯಾರದ್ದೋ ವಿಡಿಯೋದಲ್ಲಿ ಹಾಗೆ ನೋಡಿದ್ದಳು, ನೋಡಲು ಅಚ್ಚುಕಟ್ಟಾಗಿತ್ತು. ಕೊನೆಯಲ್ಲಿ ಗಿರಾಕಿಯ ಕೈ ಬಂದು ಕೀಗಳನ್ನು ತೆಗೆದುಕೊಳ್ಳುತ್ತದೆ, ಹೆಂಗಸಿನ ದನಿಯೊಂದು, "ಬೇಗ ಅಕ್ಕಾ, ಕಣ್ಣಾಸ್ಪತ್ರೆ ಡ್ಯೂಟಿಗೆ ಹೊತ್ತಾಯ್ತು," ಎನ್ನುತ್ತದೆ. ಮಾತು ಸಹಜವಾಗಿದೆ ಎಂದು ಅದನ್ನೂ ಉಳಿಸಿದ್ದಳು.

ಅದರ ಕೆಳಗೆ ಫೋಟೋ ಇಲ್ಲದ ಖಾತೆಯೊಂದರಿಂದ ಪ್ರಶ್ನೆ ಬಂದಿತ್ತು: "ಅಕ್ಕಾ, ಕೀ ದಪ್ಪ ಎಷ್ಟು?"

ಕಸುಬಿನವನೇ ಇರಬೇಕು, ಇಲ್ಲದಿದ್ದರೆ ದಪ್ಪ ಯಾರು ಕೇಳುತ್ತಾರೆ ಎಂದು ಆಕೆಗೆ ಖುಷಿಯಾಯಿತು. "ಎರಡೂಕಾಲು ಎಂಎಂ ಅಣ್ಣಾ," ಎಂದು ಬರೆದಳು. "ಥ್ಯಾಂಕ್ಸ್ ಅಕ್ಕಾ," ಎಂದು ಉತ್ತರ ಬಂತು.

ಒಂದು ಬೆಳಗ್ಗೆ ಆಕೆ ಡಬ್ಬಿ ಕಟ್ಟುತ್ತಿದ್ದಾಗ ಅತ್ತೆ ಫೋನ್ ಕೈಗೆ ತೆಗೆದುಕೊಂಡರು. ಸೊಸೆಯ ವಿಡಿಯೋ ಅವರು ನೋಡಿರಲಿಲ್ಲ. ನೋಡುವುದಿಲ್ಲ ಎಂದು ಮುನಿಸಿನಿಂದ ಪಟ್ಟು ಹಿಡಿದಿದ್ದರು. ಮೇಲಿನ ಮನೆಯವಳು ಹೊಗಳಿದ ಮೇಲೆ ತಡೆಯಲಾಗಲಿಲ್ಲ.

"ಕೈ ಚೆನ್ನಾಗಿ ಬಂದಿದೆ," ಎಂದರು. "ಉಗುರು ಸ್ವಲ್ಪ ಕತ್ತರಿಸಬಾರದಿತ್ತಾ?" ಆಮೇಲೆ ಫೋನನ್ನು ಮುಖಕ್ಕೆ ಹತ್ತಿರ ತಂದರು. "ಬಟ್ಟೆ ಎಲ್ಲಿ?"

"ಬಟ್ಟೆ ಇದ್ರೆ ಕಾಣಲ್ಲ ಅತ್ತೆ. ಪುಡಿಗೆ ಪ್ಲಾಸ್ಟಿಕ್ ಇಟ್ಟಿದ್ದೀನಿ."

"ಪುಡಿಗಾ?" ಅತ್ತೆ ಸೊಸೆಯ ಮುಖ ನೋಡಿದರು. "ಪಕ್ಕದಲ್ಲಿ ನಿಂತವನು ಆ ಕೀ ನೋಡಬಾರದು ಅಂತ ಬಟ್ಟೆ. ಕಂಡವರ ಮನೆ ಕೀನ ಕಂಡವರಿಗೆ ತೋರಿಸಬಾರದು ಅಂತ. ನಿನಗೆ ಹೇಳಿರಲಿಲ್ವಾ ಅವರು?"

ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಆಕೆ ಫೋನ್ ತೆಗೆದುಕೊಂಡು, ಕೀ ಸ್ಕೇಲಿನ ಪಕ್ಕ ಮಲಗಿದ್ದ ಕಡೆ ವಿಡಿಯೋ ನಿಲ್ಲಿಸಿದಳು. ಒಂದೊಂದು ಹಲ್ಲೂ ಎಷ್ಟು ಆಳ, ಎಷ್ಟು ದೂರ ಎಂದು ಓದಿ ಹೇಳಬಹುದಿತ್ತು. ಕಾಣದೆ ಇದ್ದದ್ದು ದಪ್ಪ ಒಂದೇ. ಅದನ್ನು ಆಕೆಯೇ ಬರೆದುಕೊಟ್ಟಿದ್ದಳು.

ವಿಡಿಯೋ ಅಳಿಸಿದಳು. ಅಷ್ಟರಲ್ಲಿ ಅದು ಎಷ್ಟು ಫೋನುಗಳಿಗೆ ಹೋಗಿತ್ತೋ. ಆ ಗಿರಾಕಿಯ ಹೆಸರು ಗೊತ್ತಿರಲಿಲ್ಲ; ಕೀ ಮಾಡಿಸುವವರ ಹೆಸರು, ಮನೆ ಕೇಳಬಾರದು ಎಂದು ಮಾವ ಹೇಳಿಕೊಟ್ಟಿದ್ದರು. ಆದರೆ ಆ ಹೆಂಗಸು ಕಾಯುತ್ತ ನಿಂತಿದ್ದಾಗ ಆಡಿದ, ವಿಡಿಯೋದಿಂದ ಕತ್ತರಿಸಿ ಹಾಕಿದ್ದ ಇನ್ನೊಂದು ಮಾತು ಈಗ ನೆನಪಾಯಿತು: "ಹಳೇ ಬೀಗದ ಕೀ ನಮ್ಮೆಜಮಾನ್ರ ಹತ್ರ ಉಳ್ಕೊಂಡಿತ್ತು. ಅದಕ್ಕೇ ಬೀಗಾನೇ ಬದಲಾಯಿಸ್ದೆ."

ಡಬ್ಬಿ ಅಲ್ಲೇ ಬಿಟ್ಟು ಹೊರಟಳು. ಉಪಕರಣದ ಚೀಲ ಮಾತ್ರ ಹೆಗಲಲ್ಲಿತ್ತು.

ಕಣ್ಣಾಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡವರು ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದರು. ಹನಿ ಹಾಕುತ್ತಿದ್ದ ಕೈಯನ್ನು ಆಕೆ ಮೊದಲು ಗುರುತಿಸಿದಳು. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ವಿಡಿಯೋದಲ್ಲಿ ಅದೂ ಇತ್ತು.

ನರ್ಸ್‌ಗೂ ಆಕೆಯ ಗುರುತು ಸಿಕ್ಕಿತು. ನಕ್ಕಳು. "ಅಕ್ಕಾ, ನೀವು ನನ್ನ ಫೇಮಸ್ ಮಾಡಿಬಿಟ್ರಿ. ನನ್ನ ನಾದಿನಿ ಮೊನ್ನೆ ಆ ವಿಡಿಯೋ ಕಳಿಸಿದ್ದಳು. ಮಾತಿಲ್ಲ ಕತೆಯಿಲ್ಲ, ಒಂದು ನಗೋ ಎಮೋಜಿ ಅಷ್ಟೇ."

"ನಾದಿನಿ ಅಂದ್ರೆ..."

"ನಮ್ಮೆಜಮಾನ್ರ ತಂಗಿ. ಅವರು ಈಗ ಅಲ್ಲೇ ಇರೋದು, ತಂಗಿ ಮನೇಲಿ."

ಕೀ ಅಕ್ಕ ಆಕೆಯನ್ನು ಕಾರಿಡಾರಿನ ಕೊನೆಗೆ ಕರೆದೊಯ್ದು ವಿಷಯ ಹೇಳಿದಳು. ಸ್ಕೇಲ್, ಹಲ್ಲು, ದಪ್ಪ, ಫೋಟೋ ಇಲ್ಲದ ಖಾತೆ. ಏನನ್ನೂ ಬಿಡಲಿಲ್ಲ, ಏನನ್ನೂ ಮೆತ್ತಗೆ ಮಾಡಲಿಲ್ಲ. ನರ್ಸ್ ಕೈಯಲ್ಲಿದ್ದ ಹನಿ ಬಾಟಲಿಯ ಮುಚ್ಚಳ ಹಾಕಿದಳು.

"ಯಾರಾದ್ರೂ ನೋಡಿ ಮಾಡೋಕಾಗುತ್ತಾ ಅಕ್ಕಾ?"

"ಎಲ್ಲರಿಗೂ ಆಗಲ್ಲ. ಕೈಯಲ್ಲಿ ಕಸುಬು ಇರಬೇಕು."

"ಅವರು ಲೇತ್ ಕೆಲಸದವರು," ಎಂದಳು ನರ್ಸ್. "ಅಳತೆ ಕೊಟ್ರೆ ಸಾಕು, ಏನು ಬೇಕಾದ್ರೂ ಮಾಡ್ತಾರೆ."

ನರ್ಸ್ ರಜೆ ಹೇಳಿ ಬಂದಳು. ಬೀಗ ಬದಲಾಯಿಸಿಬಿಡೋಣ, ಅರ್ಧ ಗಂಟೆ ಕೆಲಸ ಎಂದು ಕೀ ಅಕ್ಕ ದಾರಿಯುದ್ದಕ್ಕೂ ಹೇಳುತ್ತಿದ್ದಳು. ನರ್ಸ್ ಒಂದೇ ಮಾತು ಆಡಿದಳು: "ಹೋದ ಸಲ ನನ್ನ ಸರ್ಟಿಫಿಕೇಟ್ ಎಲ್ಲ ಒಲೆಗೆ ಹಾಕೋಕೆ ಹೋಗಿದ್ರು. ಅದನ್ನ ಎಳ್ಕೊಂಡಾಗ ಆಗಿದ್ದು ಇದು." ಹೆಬ್ಬೆರಳನ್ನು ತೋರಿಸಲಿಲ್ಲ, ಮುಷ್ಟಿಯೊಳಗೆ ಮಡಚಿಕೊಂಡಳು.

ಮನೆ ಎರಡನೇ ಮಹಡಿಯಲ್ಲಿ. ಕೆಳಗೆ ಮನೆಯೊಡತಿ. ಬಾಗಿಲು ಮುಚ್ಚಿತ್ತು, ಎಲ್ಲ ಎಂದಿನಂತೆಯೇ ಕಾಣುತ್ತಿತ್ತು. ಎರಡು ಕಡೆಯಿಂದಲೂ ಕೀ ಹಾಕಬಹುದಾದ ಬೀಗ. ನರ್ಸ್ ಪರ್ಸಿನಿಂದ ಕೀ ತೆಗೆದು ತೂರಿಸಿದಳು. ಅರ್ಧಕ್ಕೇ ನಿಂತಿತು. ಒತ್ತಿ ನೋಡಿದಳು.

"ಸಿಕ್ಕಿಕೊಳ್ತಿದೆ ಅಕ್ಕಾ. ಸ್ವಲ್ಪ ಎಣ್ಣೆ ಬಿಡ್ತೀರಾ?"

ಕೀ ಅಕ್ಕ ಆಕೆಯ ಮಣಿಕಟ್ಟು ಹಿಡಿದು ಮೆಲ್ಲಗೆ ಕೀಯನ್ನು ಹೊರಗೆಳೆದಳು. ಸದ್ದಾಗದ ಹಾಗೆ. ಬಾಗಿ ಬೀಗದ ಬಾಯಿಯಲ್ಲಿ ಕಣ್ಣಿಟ್ಟಳು. ಬೆಳಕು ಕಾಣಬೇಕಾದ ಕಡೆ ಲೋಹದ ತುದಿಯೊಂದು ಅಡ್ಡ ನಿಂತಿತ್ತು. ಅಂದರೆ ಆ ಕಡೆಯಿಂದ ಯಾರೋ ಕೀ ಹಾಕಿ ಹಾಗೆಯೇ ಬಿಟ್ಟಿದ್ದರು.

ಆಕೆ ನರ್ಸ್‌ನ ಮುಖ ನೋಡಿ ಬಾಗಿಲ ಕಡೆ ಕಣ್ಣು ತೋರಿಸಿದಳು. ನರ್ಸ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಗಳಿಗೆಯಲ್ಲಿ ಒಳಗೆ ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು ಕೇಳಿಸಿತು. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿಕೊಂಡು ಮೆಟ್ಟಿಲಿಳಿದರು. ಮನೆಯೊಡತಿಯ ಅಡುಗೆಮನೆಯಲ್ಲಿ ನಿಂತು ಪೊಲೀಸರಿಗೆ ಫೋನ್ ಮಾಡಿದರು. ವಿಳಾಸವನ್ನು ಮನೆಯೊಡತಿಯೇ ಹೇಳಿದಳು.

ಬಂದವರು ಇಬ್ಬರು ಪೇದೆಗಳು. ಹಿಂದೆ ಅಕ್ಕಪಕ್ಕದವರು ಮೆಟ್ಟಿಲ ತುಂಬ ನಿಂತರು. ಬಾಗಿಲು ಬಡಿದ ಕೂಡಲೇ ತೆರೆಯಿತು. ಗಂಡ ನೀಟಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ.

"ಏನ್ ಸಾರ್ ಇದು? ಹೆಂಡತಿ ಮನೆಗೆ ಗಂಡ ಬಂದ್ರೆ ಕಳ್ಳನಾ? ಕೀ ಇದೆ, ಬಂದೆ. ಕಿಟಕಿ ಮುರಿದಿಲ್ಲ, ಬಾಗಿಲು ಮುರಿದಿಲ್ಲ."

"ಕೀ ಯಾರು ಕೊಟ್ರು?" ಹಿರಿಯ ಪೇದೆ ಕೇಳಿದ.

"ಅವಳೇ. ಕೊಡೋದು, ಆಮೇಲೆ ಕೋಪ ಬಂದ್ರೆ ಹೀಗೆ ಊರು ಸೇರಿಸೋದು. ಇದೇನು ಮೊದಲನೇ ಸಲ ಅಲ್ಲ."

"ನಾನು ಕೊಟ್ಟಿಲ್ಲ," ಎಂದಳು ನರ್ಸ್.

"ಮತ್ತೆ ಹಾರಿ ಬಂತಾ?" ಎಂದ ಗಂಡ. ಮೆಟ್ಟಿಲ ಮೇಲೆ ಯಾರೋ ಸಣ್ಣಗೆ ನಕ್ಕರು. ಪೇದೆಯ ಮುಖ ಸಡಿಲವಾಯಿತು. ಗಂಡ ಹೆಂಡಿರ ಜಗಳ, ಮಾತಾಡಿ ಬಗೆಹರಿಸಿಕೊಳ್ಳಿ ಎನ್ನುವ ಮಾತು ಅವನ ಬಾಯಿಗೆ ಬಂದಾಗಿತ್ತು.

ಮೆಟ್ಟಿಲ ಮೇಲಿದ್ದವರಲ್ಲಿ ಅರ್ಧಕ್ಕರ್ಧ ಜನ ಕೀ ಅಕ್ಕನ ಗಿರಾಕಿಗಳು. ಮನೆಯೊಡತಿಯ ಗೇಟಿನ ಕೀಯೂ ಆಕೆ ಮಾಡಿದ್ದೇ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ವಿಡಿಯೋ ಅಳಿಸಿಯಾಗಿತ್ತು. ನರ್ಸ್ ಆಕೆಯ ಕಡೆ ನೋಡಲಿಲ್ಲ. ಕೇಳಿದರೆ ಹೇಳಿಯಾಳು ಎನ್ನುವ ನಂಬಿಕೆ ಆಕೆಗೆ ಇರಲಿಲ್ಲವೇನೋ.

"ಕೀ ಅವರು ಕೊಟ್ಟಿಲ್ಲ ಸಾರ್. ನಾನು ಕೊಟ್ಟೆ," ಎಂದಳು ಕೀ ಅಕ್ಕ.

"ನೀವು ಯಾರು?"

"ಮಾರ್ಕೆಟ್ ಮೆಟ್ಟಿಲ ಕೆಳಗೆ ಕೀ ಮಾಡೋಳು. ಅವರ ಕೀನ ಅಳತೆ ಸಮೇತ ವಿಡಿಯೋ ಮಾಡಿ ಹಾಕಿದೆ. ದಪ್ಪ ಎಷ್ಟು ಅಂತ ಒಬ್ಬರು ಕೇಳಿದ್ರು, ಅದನ್ನೂ ಹೇಳಿದೆ. ಅಳಿಸಿದ್ದೀನಿ, ಆದ್ರೆ ಇವರ ನಾದಿನಿ ಕಳಿಸಿದ್ದು ಇವರ ಫೋನಲ್ಲಿ ಇದೆ. ಬಾಗಿಲಲ್ಲಿರೋ ಆ ಕೀ ತೆಗೀರಿ. ಅಂಗಡೀಲಿ ಮಾಡಿದ ಕೀಗೆ ತಲೆ ಮೇಲೆ ಕಂಪನಿ ಗುರುತು ಇರುತ್ತೆ. ಅಸಲಿ ಒಂದು, ನಕಲು ಎರಡು, ಅಂಗಡಿಯಿಂದ ಹೋದ ಮೂರೂ ಅವರ ಹತ್ರ ಇವೆ."

ನರ್ಸ್ ಪರ್ಸು ತೆರೆದು ಮೂರು ಕೀ ಅಂಗೈ ಮೇಲಿಟ್ಟಳು. ಪೇದೆ ಒಳಗಿನ ಕೀ ಕಿತ್ತು ಪಕ್ಕದಲ್ಲಿಟ್ಟ. ಮೂರಕ್ಕೂ ಗುರುತಿತ್ತು. ನಾಲ್ಕನೆಯದು ಬೋಳು, ಅಂಚುಗಳಲ್ಲಿ ಅರದಿಂದ ಉಜ್ಜಿದ ಗೆರೆ. ಹಲ್ಲುಗಳು ಮಾತ್ರ ಒಂದಕ್ಕೊಂದು ಅಚ್ಚು.

ಗಂಡ ಚಹಾದ ಲೋಟವನ್ನು ಕೆಳಗಿಡಲು ಜಾಗ ಹುಡುಕಿದ. ಯಾರೂ ಈಸಿಕೊಳ್ಳಲಿಲ್ಲ.

ಅವನನ್ನು ಕರೆದುಕೊಂಡು ಇಳಿಯುವಾಗ ಮನೆಯೊಡತಿ ಕೀ ಅಕ್ಕನಿಗೆ ಅಡ್ಡ ನಿಂತಳು. "ನಮ್ಮ ಗೇಟಿನ ಕೀನೂ ಹಾಕಿದ್ದೀಯಾ?"

ಇಲ್ಲ ಎಂದುಬಿಡಬಹುದಿತ್ತು. "ನೆನಪಿಲ್ಲ ಅಮ್ಮಾ. ನೋಡಿ ಹೇಳ್ತೀನಿ."

"ನೋಡಿ ಹೇಳ್ತಾಳಂತೆ," ಎಂದಳು ಮನೆಯೊಡತಿ, ಎಲ್ಲರಿಗೂ ಕೇಳುವ ಹಾಗೆ.

ಠಾಣೆಯಲ್ಲಿ ಹೇಳಿಕೆ ಬರೆಸಿ ಹೊರಬಂದ ಮೇಲೆ ಕೀ ಅಕ್ಕ ಅಂಗಡಿಯಲ್ಲಿ ಕೂತು ಒಂದು ವಿಡಿಯೋ ಮಾಡಿದಳು. ಕೈ ಅಲ್ಲ, ಮುಖ. ತಾನು ಏನು ತೋರಿಸಿಬಿಟ್ಟೆ, ಅದರಿಂದ ಏನಾಗಬಹುದು ಎಂದು ಹೇಳಿ, ತನ್ನ ವಿಡಿಯೋದಲ್ಲಿ ತಮ್ಮ ಕೀ ಕಂಡವರು ಬೀಗ ತರಲಿ, ಒಳಗಿನ ಪಿನ್ನುಗಳನ್ನು ಬದಲಾಯಿಸಿ ಬೇರೆ ಕೀ ಮಾಡಿಕೊಡುತ್ತೇನೆ ಎಂದಳು. ಹಳೆಯ ವಿಡಿಯೋಗಳಿಗೆ ಸಿಕ್ಕಷ್ಟು ಜನ ಅದಕ್ಕೆ ಸಿಗಲಿಲ್ಲ. ಬೀಗ ತಂದವರು ಕೆಲವರು, ಬೈಯಲೆಂದೇ ಬಂದವರು ಅದಕ್ಕಿಂತ ಹೆಚ್ಚು.

"ಹೋಗಲಿ ಬಿಡಿ ಅಕ್ಕಾ," ಎಂದ ವಾಚಿನವನು. "ನನ್ನನ್ನ ನೋಡಿ, ವಿಡಿಯೋ ಮಾಡದೇನೇ ಗಿರಾಕಿ ಇಲ್ಲ."

ನರ್ಸ್‌ನ ಮನೆಯ ಬೀಗ ಮಾತ್ರ ಬಾಕಿ ಇತ್ತು. ಅದುವರೆಗೆ ಆಕೆ ಆಸ್ಪತ್ರೆಯ ಗೆಳತಿಯ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಹೊಸ ಬೀಗದ ಡಬ್ಬಿ. ಬೇರೆ ಅಂಗಡಿಯದ್ದು, ಸೀಲ್ ಒಡೆದಿರಲಿಲ್ಲ.

"ಹಾಕಿಕೊಡ್ತೀರಾ?"

ಕೀ ಅಕ್ಕ ಅಂಗಡಿಗೆ ಬಾಗಿಲೆಳೆದು ಜೊತೆಗೆ ಹೋದಳು. ಫೋನನ್ನು ಡ್ರಾಯರಿನಲ್ಲೇ ಬಿಟ್ಟಳು. ಅದನ್ನು ನರ್ಸ್ ನೋಡಿದಳು.

ಬಾಗಿಲ ಮುಂದೆ ಡಬ್ಬಿ ತೆರೆದವಳು ನರ್ಸ್. ಕೀಗಳಿದ್ದ ಪುಟ್ಟ ಪೊಟ್ಟಣವನ್ನು ಮುಷ್ಟಿಯೊಳಗೆ ಸೇರಿಸಿ, ಬೀಗವನ್ನಷ್ಟೇ ಕೊಟ್ಟಳು. ಕೀ ಅಕ್ಕ ಹಳೆಯದನ್ನು ಕಳಚಿದಳು, ಹೊಸದನ್ನು ಕೂರಿಸಿದಳು, ತಿರುಪು ಬಿಗಿ ಮಾಡಿದಳು. ಇನ್ನು ಕೀ ಹಾಕಿ ತಿರುಗಿಸಿ ನೋಡಬೇಕು, ಆಗಲೇ ತಿರುಪು ಎಷ್ಟು ಬಿಗಿಯಾಗಿರಬೇಕು ಎಂದು ಗೊತ್ತಾಗುವುದು. ಅಭ್ಯಾಸದಂತೆ ಕೈ ಚಾಚಿದಳು.

ನರ್ಸ್ ಕೊಡಲಿಲ್ಲ. "ನಾನೇ ತಿರುಗಿಸ್ತೀನಿ ಅಕ್ಕಾ," ಎಂದಳು. ಪೊಟ್ಟಣ ಬಿಚ್ಚುವ ಮೊದಲು, "ನೀವು ಸ್ವಲ್ಪ ಆ ಕಡೆ ನೋಡ್ತೀರಾ?"

ಕೀ ಅಕ್ಕ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎದ್ದು, ಮೆಟ್ಟಿಲ ಕಡೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಕೀ ಒಳಗೆ ಹೋದ ಸದ್ದಾಯಿತು.

"ಬಿಗಿ ಇದೆ," ಎಂದಳು ನರ್ಸ್.

"ಕೀ ತೆಗೆದಿಟ್ಕೊಳ್ಳಿ. ತಿರುಪು ಸಡಿಲ ಮಾಡ್ತೀನಿ," ಎಂದು, ಸರಿ ಎನ್ನುವ ಮಾತು ಬರುವವರೆಗೆ ತಿರುಗದೆ ಕಾದಳು.