ಸ್ಟೆಪ್ನಿಗೆ ಸಿಕ್ಕ ಮರ್ಯಾದೆ

ನಮ್ಮ ಬೀದಿಯ ಪಿಕಪ್ ಮಾಲೀಕನ ನಾಲ್ಕೂ ಟೈರುಗಳು ಅವನ ಬೋಳುತಲೆಯಷ್ಟೇ ನುಣುಪು. ಟೈರ್ ಅಂಗಡಿಯವನು ‘ಅಣ್ಣಾ, ಒಳಗಿನ ತಂತಿ ಕಾಣ್ತಿದೆ, ಸಿಡಿದ್ರೆ ಗತಿಯೇನು?’ ಎಂದರೆ, ‘ತಂತಿ ಇನ್ನೂ ಉಳಿದಿದೆ ತಾನೇ? ಗಟ್ಟಿಯಾಗಿದೆ ಬಿಡು’ ಎನ್ನುತ್ತಾನೆ. ಬ್ರೇಕ್ ಒತ್ತಿದ ಮೇಲೂ ಗಾಡಿ ಜಾರಿ ಎರಡು ಮನೆ ಆಚೆ ನಿಂತರೆ, ಅಲ್ಲಿಗೇ ಬಂದವನಂತೆ ಇಳಿದು, ಆ ಮನೆಯವರ ಹತ್ತಿರ ನೀರು ಕೇಳಿ ಕುಡಿಯುತ್ತಾನೆ. ಇರುವ ಒಂದೇ ಹೊಸ ಟೈರು ಸ್ಟೆಪ್ನಿ. ಅದನ್ನು ಯಾರೂ ಮುಟ್ಟುವಂತಿಲ್ಲ. ಹೆಂಡತಿ ಜೊತೆಗೆ ಹೊರಟ ದಿನ ಮಾತ್ರ, ಅವಳು ತಲೆ ಬಾಚಿಕೊಳ್ಳುವಷ್ಟರಲ್ಲಿ ಜಾಕ್ ಏರಿಸಿ, ಅವಳು ಕೂರುವ ಕಡೆಯ ಮುಂದಿನ ಟೈರನ್ನು, ಅದರಲ್ಲಿ ಗಾಳಿ ಸರಿಯಾಗಿದ್ದರೂ, ಕಳಚಿ ಸ್ಟೆಪ್ನಿ ಹಾಕುತ್ತಾನೆ. ‘ನಾನು ಹತ್ತೋ ದಿನಾನೇ ಪಂಕ್ಚರ್ ಆಗುತ್ತಲ್ರೀ!’ ಎಂದು ಅವಳು ಗೊಣಗಿದರೆ, ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಾಗಿಲು ತೆರೆಯುತ್ತಾ ಹೇಳುತ್ತಾನೆ: ‘ಎಲ್ಲಾ ನಿನ್ನ ಕಾಲ್ಗುಣ ಕಣೇ.’