ನಡುಗಡ್ಡೆಯ ಮದುಮಗಳು

ಗಯಾಬಾಯಿ ಹೆತ್ತದ್ದೆಲ್ಲ ಗಂಡು. ಒಂದು ಹೆಣ್ಣು ಕೊಡಪ್ಪಾ ಎಂದು ದೇವರಿಗೆ ದುಂಬಾಲು ಬಿದ್ದಳು. ಅವನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಹಾಗಾಗಿ ಮಳೆ ತಡವಾಗಿ, ಮಂಠಾಳದ ಆಚೆಯ ಆ ಊರೆಲ್ಲ ಮೋಡ ನೋಡುತ್ತ ನಿಟ್ಟುಸಿರು ಬಿಡುವಾಗ ಗಯಾಬಾಯಿ ಮಾತ್ರ ಒಳಗೊಳಗೇ ಹಿಗ್ಗುತ್ತಿದ್ದಳು. ಮಳೆ ಬಾರದಿದ್ದರೆ ಕಪ್ಪೆ ಮದುವೆ, ಕಪ್ಪೆ ಮದುವೆಯೆಂದರೆ ಹೆಣ್ಣಿನ ಕಡೆಯವರು ಗಯಾಬಾಯಿಯ ಮನೆಯವರು. ಅತ್ತೆಯ ಕಾಲದಿಂದ ಬಂದ ಪದ್ಧತಿ. ಗಂಡಿನ ಕಡೆಗೆ ಅದೇ ಊರಿನ ಬಸವಣಪ್ಪ, ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ ಇಟ್ಟವನು. ತಾಳಿ ಬಿದ್ದ ಮೇಲೆ ಮದುಮಗಳನ್ನು ಅವನ ಮನೆಯ ಬಾವಿಗೆ ಬಿಟ್ಟು ಒಪ್ಪಿಸಿ ಬರಬೇಕು. ಆಗ ಗಯಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಜನ ನಗುತ್ತಿದ್ದರು. ನಗಲಿ ಬಿಡಿ, ಅವಳ ಅಳು ಮಾತ್ರ ಖರೇ ಅಳು.

ಈ ವರ್ಷ ಕೆರೆಯ ದಂಡೆಗೆಲ್ಲ ಸಿಮೆಂಟು ಮೆತ್ತಿದ್ದರಿಂದ ಅಲ್ಲಿ ಹೆಣ್ಣು ಕಪ್ಪೆಯೇ ಸಿಗಲಿಲ್ಲ. ಬಸವಣಪ್ಪನ ಬಾವಿಯಲ್ಲಿ ಗಂಡು ಬೋಗುಣಿಯಷ್ಟು ದಪ್ಪಗೆ ತಯಾರಾಗಿ ಕೂತಿತ್ತು. ಗಯಾಬಾಯಿ ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರು ದಾಟಿ, ಕೆರೆಯ ನಡುಗಡ್ಡೆಗೆ ಹೋದಳು. ಅತ್ತಿಮರದ ಬುಡದಲ್ಲಿ, ಕೊಳೆತ ಎಲೆಯ ತಂಪಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಕಪ್ಪೆಯೊಂದು ಕೂತಿತ್ತು. ಮೈ ತೊಗರಿಯ ಬಣ್ಣ, ಕಣ್ಣು ಸಾಸಿವೆಯಷ್ಟು. ಅವಳು ಅದನ್ನು ಬಟ್ಟಲಲ್ಲಿ ಹಾಕಿಕೊಂಡು ಮನೆಗೆ ಬಂದಳು.

ಕಿರಿಸೊಸೆ ಮೇಘಾ ಬಸವಕಲ್ಯಾಣದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಬಟ್ಟಲು ನೋಡಿ ಹೌಹಾರಿದಳು.

"ಅತ್ತಿ, ಇದು ಈ ಗಡ್ಡಿ ಬಿಟ್ರ ಎಲ್ಲೂ ಇಲ್ರಿ. ಉಳದಿದ್ದೇ ನಾಕಾರು. ಎಲಿ ತಂಪಿನಾಗ ಬದಕತದ, ತತ್ತಿನೂ ಅಲ್ಲೇ ಇಡತದ. ನೀರಾಗ ಬಿಟ್ರ ಮುಳಗಿ ಸಾಯತದ!"

"ಕಪ್ಪಿ ಮುಳಗತದ? ನಿನ್ನ ಶಾಣ್ಯಾತನಕ್ಕ ಬೆಂಕಿ ಹತ್ತಲಿ," ಎಂದು ಗಯಾಬಾಯಿ ನಕ್ಕಳು.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಹನುಮಂತ ದೇವರ ಗುಡಿಯ ಮುಂದೆ ಮದುವೆ. ಅರಿಶಿನ ನೀರಿನ ಶಾಸ್ತ್ರಕ್ಕೆ ಗಯಾಬಾಯಿ ಮಗಳನ್ನು ತಾಟಿಗೆ ಬಿಟ್ಟಳು. ಬೆರಳುದ್ದ ನೀರೂ ಇರಲಿಲ್ಲ. ಮಗಳು ಕೈಕಾಲು ಬಡಿದಳು, ಸುತ್ತಿದಳು, ಹೊಟ್ಟೆ ಮೇಲೆ ಮಾಡಿ ತಳಕ್ಕಿಳಿದಳು. "ಅಯ್ಯಯ್ಯೋ ನಮ್ಮವ್ವ!" ಎಂದು ಗಯಾಬಾಯಿ ಕಿರುಬೆರಳು ಕೊಟ್ಟು ಎತ್ತಿಕೊಂಡಳು. ಬಸವಣಪ್ಪನ ಬಾವಿಯ ಆಳ ನೆನಪಾಗಿ ಅವಳು ಮಗಳನ್ನು ಮತ್ತೆ ತಾಟಿಗೆ ಬಿಡಲಿಲ್ಲ.

ಅಂತೂ ಕೆಂಪು ದಾರದ ತಾಳಿ ಬಿತ್ತು. ಅಕ್ಷತೆ ಬಿದ್ದದ್ದೇ ತಡ, ಮದುಮಗ ನಾಲಿಗೆ ಚಾಚಿ ಮಗಳ ಮಗ್ಗುಲಿನ ನೊಣವನ್ನು ಗುಳುಂ ಮಾಡಿದ.

"ಇನ್ನ ಹೆಂಡ್ತಿ ಪಾಳಿ," ಎಂದು ಮೇಘಾ ಪಿಸುಗುಟ್ಟಿದಳು.

ಗಯಾಬಾಯಿ ಮಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದ್ದು ನಿಂತಳು. "ನಾ ಕಳಸಂಗಿಲ್ರಿ!"

ಗುಡಿಯ ಮುಂದೆ ಗದ್ದಲವೋ ಗದ್ದಲ. ಒಪ್ಪಿಸದ ಮದುವೆಗೆ ಮಳೆ ಬರುತ್ತದೆಯೇ ಎಂದು ಹಿರಿಯರು ಕೂಗಾಡಿದರು. "ನಮ್ಮ ಇಜ್ಜತ್ತಿನ ಮಾತದ ಗಯಾಬಾಯಿ," ಎಂದ ಬಸವಣಪ್ಪ. "ಸೊಸಿ ಇಲ್ಲದ ಮನಿಗೆ ಹ್ಯಾಂಗ ಹೋಗ್ಲಿ?" ಯಾರೋ, ಗಂಡನ್ನೇ ಮನೆ ಅಳಿಯನಾಗಿ ಇಟ್ಟುಕೋ ಎಂದರು. ಗಯಾಬಾಯಿ ಅಳಿಯನ ಬಾಯಿಯ ಅಗಲ ನೋಡಿದಳು. ಬೇಡವೇ ಬೇಡ.

ಅಷ್ಟರಲ್ಲಿ ತಲೆಗೆ ಹೊಳೆಯಿತು.

"ನಾಳಿ ಅಮಾಸಿ. ಮರದಿನ ಆಷಾಢ ಹತ್ತತದ," ಎಂದಳು ಗಟ್ಟಿಯಾಗಿ. "ಆಷಾಢದಾಗ ಹೊಸ ಸೊಸಿ ಅತ್ತಿ ಮನ್ಯಾಗ ಇರ್ತಾಳೇನ್ರಿ? ನಿಮ್ಮ ಮನ್ಯಾಗ ಇಟಗೊಂಡೀರೇನು?"

ಹಿರಿಯರು ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಎದ್ದರು. ಬಸವಣಪ್ಪ ಬಾಸಿಂಗ ಕಟ್ಟಿದ ಮಗನೊಬ್ಬನನ್ನೇ ಹೊತ್ತುಕೊಂಡು ಮನೆಗೆ ನಡೆದ. ಮಗಳು ತವರಿಗೆ, ಅತ್ತಿಮರದ ಬುಡಕ್ಕೆ, ಮರಳಿದಳು. ನಾಲ್ಕು ದಿನ ಬಿಟ್ಟು ಮಳೆಯೂ ಬಂತು, ಹೊಲಗಳಲ್ಲಿ ತೊಗರಿ ಬಿತ್ತನೆ ನಡೆಯಿತು. ಮದುವೆಯಿಂದ ಬಂತೋ ತನ್ನಷ್ಟಕ್ಕೆ ತಾನೇ ಬಂತೋ, ಆ ತಕರಾರು ನಮಗೆ ಬೇಡ.

ಶ್ರಾವಣ ಹತ್ತುತ್ತಲೇ ಬಸವಣಪ್ಪ ಬಾಗಿಲಿಗೆ ಬಂದ. "ಸೊಸಿನ್ನ ಯಾವಾಗ ಕಳಸ್ತಿ?"

"ಕಳಸೂದೆಲ್ಲಿಂದ ಬಂತ್ರಿ, ಬಸುರಿ ಅದಾಳ. ಚೊಚ್ಚಲ ಬಾಣಂತನ ತವರಾಗೇ ಆಗಬೇಕು."

ಸುಳ್ಳಲ್ಲ. ಎಲೆಯ ಕೆಳಗೆ ಮುತ್ತಿನಂಥ ತತ್ತಿಗಳ ಮೇಲೆ ಮಗಳು ಕೋಳಿಯ ಹಾಗೆ ಕಾವು ಕೂತಿದ್ದನ್ನು ಗಯಾಬಾಯಿ ಕಣ್ಣಾರೆ ಕಂಡಿದ್ದಳು.

ಬಸವಣಪ್ಪ ಬೆರಳು ಮಡಚಿ ದಿನ ಎಣಿಸಿದ. "ಅಲ್ಲ, ನಮ್ಮ ಹುಡುಗ ಬಾವಿ ಬಿಟ್ಟು ಹೊರಗ ಬಂದೇ ಇಲ್ಲಲ್ಲಾ?"

"ಬೀಗರ, ಚಾ ಕುಡೀರಿ," ಎಂದಳು ಗಯಾಬಾಯಿ.

ತತ್ತಿ ಒಡೆದವು. ಬಾಲದ ಮರಿಯಾಗಿ ನೀರಲ್ಲಿ ಈಜುವ ಗೊಡವೆಯೇ ಇಲ್ಲದೆ, ಎಳ್ಳಿನಷ್ಟೇ ಆದರೂ ಪೂರ್ತಿ ಕಪ್ಪೆಗಳಾಗಿಯೇ ಹೊರಬಂದವು. ಗಯಾಬಾಯಿ ಬಾಣಂತಿಗೆಂದು ಅಂಟಿನುಂಡೆ ಕಟ್ಟಿದಳು. ಕೆರೆ ತುಂಬಿತ್ತು, ಮೀನುಗಾರ ನರಸಿಂಗನ ತೆಪ್ಪ ಹತ್ತಿ, ಮೇಘಾಳನ್ನು ಕರೆದುಕೊಂಡು ಗಡ್ಡೆಗೆ ಹೋದಳು.

"ಅದು ಉಂಡಿ ತಿನ್ನಂಗಿಲ್ಲ ಅತ್ತಿ."

"ತಿನ್ನಲಿ ಬಿಡಲಿ. ತಾಯಿ ಮಾಡಿಕೊಡಲಿಲ್ಲಂತ ನಾಳಿ ಮಂದಿ ಅನಬಾರದು."

ಉಂಡೆ ಎಲೆಯ ಪಕ್ಕದಲ್ಲಿ ಕೂತಿತು. ಸ್ವಲ್ಪ ಹೊತ್ತಿಗೆ ಬೆಲ್ಲಕ್ಕೆ ಇರುವೆ ಮುತ್ತಿದವು. ಮಗಳು ಎಲೆಯಡಿಯಿಂದ ಹೊರಗೆ ಬಂದು ಒಂದು ಇರುವೆ ತಿಂದಳು, ಮತ್ತೊಂದು ತಿಂದಳು.

"ತಿಂದಳು ನೋಡ ಮೇಘಾ, ತಿಂದಳು!" ಎಂದು ಗಯಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಈ ಸಲ ಯಾರೂ ನಗಲಿಲ್ಲ.