ಭಾವನ ಕೆಮ್ಮು

ನನ್ನ ಅಕ್ಕನ ಗಂಡನಿಗೆ ಸಾಲಿಗ್ರಾಮದಲ್ಲಿ ಪುಸ್ತಕ, ಪೆನ್ನು ಮಾರುವ ಅಂಗಡಿಯಿದೆ. ಅದು ಅವರ ಹೊಟ್ಟೆಪಾಡು. ಅವರ ನಿಜವಾದ ಉದ್ಯೋಗ, ಅವರೇ ನಂಬಿರುವ ಪ್ರಕಾರ, ಬೇರೆ. ಕೊಯ್ಲು ಮುಗಿದ ಗದ್ದೆಗಳಲ್ಲಿ ಭಾನುವಾರ ನಡೆಯುವ ಕ್ರಿಕೆಟ್ ಪಂದ್ಯಾಟಗಳಿಗೆ ಅವರು ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುತ್ತಾರೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲಿ ಶಾಮಿಯಾನ ಎದ್ದರೂ ಅದರ ಕೆಳಗೆ ಒಂದು ಮೇಜು, ಮೇಜಿನ ಹಿಂದೆ ಭಾವ. ಬಿಜೂರಿನ ಪಂದ್ಯಾಟದ ಫೈನಲ್ ಮೈಕಂತೂ ಅದು ಶುರುವಾದ ವರ್ಷದಿಂದ ಅವರ ಕೈಬಿಟ್ಟು ಹೋದದ್ದಿಲ್ಲ. ಭಾವನಿಗೆ ಬೇರೆ ಪ್ರಶಸ್ತಿಗಳು ಬಂದಿಲ್ಲವಾದ್ದರಿಂದ ಅದನ್ನೇ ಅವರು ಪ್ರಶಸ್ತಿ ಎಂದುಕೊಂಡಿದ್ದರು.

ಹೋದ ವರ್ಷದ ಮಳೆಗಾಲದಲ್ಲಿ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಉಪ್ಪುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಒಬ್ಬಾತ ಸ್ಕ್ರೂಡ್ರೈವರನ್ನೇ ಮೈಕಿನಂತೆ ಹಿಡಿದು ಭಾವನ ನಕಲು ಮಾಡುತ್ತಿದ್ದ. ಎಳೆದು ಕರೆಯುವ 'ಹ್ವಾಯ್' ಇತ್ತು. ಔಟಾದ ಬ್ಯಾಟ್ಸ್‌ಮನ್ನನ್ನು ಮನೆಯ ಮಗನೆಂಬಂತೆ ಗದರುವುದಿತ್ತು. ಚೆಂಡು ಮೇಲಕ್ಕೆ ಹಾರಿದಾಗ ಎರಡು ಕೆಮ್ಮು, ಆಮೇಲೆ "ಹೋಯ್ತ್... ಹೋಯ್ತ್... ಸಿಕ್ಸ್!" ಕೂಡ ಇತ್ತು.

ವಿಡಿಯೋ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರಂತೆ. ಹಾಗಾಗಿ ಭಾವ ನಕ್ಕರು. "ಕಲಾವಿದ ಮಾರಾಯ್ರೆ!" ಎಂದು ಹೊಗಳಿದರು. ಪತ್ರಿಕೆಯಲ್ಲಿ ವರದಿಗಾರನಾಗಿರುವ ನನಗೂ ಕಳಿಸಿ, ಕೆಳಗೆ 'ಪ್ರತಿಭೆಗೆ ಪ್ರೋತ್ಸಾಹ ಬೇಕು' ಎಂದು ಬರೆದರು. ಗಿರಾಕಿಗಳು ಹೋದ ಮೇಲೆ ಫೋನ್ ಬಂತು.

"ಇದ್ ಪೇಪರಿಗ್ ಹಾಕುಕ್ ಆತ್ತಾ?"

"ಎಂತ ಅಂದೇಳಿ ಹಾಕುದ್ ಭಾವ?"

"ಸ್ವರ ಕದ್ದದ್ದ್ ಅಂದೇಳಿ."

"ಈಗ ನಿಮ್ಮತ್ರ ಸ್ವರ ಇಲ್ಯಾ?"

"ಇತ್ತಲ್ದಾ. ಇಲ್ದೆ ಹ್ಯಾಂಗ್ ಮಾತಾಡುದ್?"

"ಹಾಂಗಾರೆ ಕದ್ದದ್ದ್ ಎಂತ?"

ಅವರು ಫೋನಿಟ್ಟರು. ಕಳವಾದ ವಸ್ತು ದೂರುದಾರರ ಬಳಿಯೇ ಇರುವ ಪ್ರಕರಣಕ್ಕೆ ತಲೆಬರಹ ಕೊಡುವುದು ನಮ್ಮ ಸಂಪಾದಕರಿಗೂ ಕಷ್ಟ.

ಮರು ಭಾನುವಾರ ಅಕ್ಕನ ಮನೆಯಲ್ಲಿ ಊಟ. ಅಷ್ಟರಲ್ಲಿ ಭಾವ ಉದಾರಿಗಳಾಗಿದ್ದರು. ಸ್ವರವನ್ನು ಕ್ಷಮಿಸಿದ್ದರು, ಗದರಿಕೆಯನ್ನೂ ಕ್ಷಮಿಸಿದ್ದರು. ತಕರಾರು ಉಳಿದದ್ದು ಒಂದೇ.

"ಅವ ಕೆಮ್ಮುದೆಂತಕೆ? ನಾನ್ ಮೈಕಂಗೆ ಯಾವತ್ತಾರೂ ಕೆಮ್ಮಿದ್ನಾ? ಸುಳ್ಳ್ ಅಲ್ದಾ ಅದ್?" ಎಂದವರೇ ಎರಡು ಸಲ ಕೆಮ್ಮಿದರು.

ಸಾರು ಬಡಿಸುತ್ತಿದ್ದ ಅಕ್ಕ ತಲೆ ಎತ್ತದೆ ಕೇಳಿದಳು: "ಈಗ ಚೆಂಡ್ ಎಲ್ಲಿಗ್ ಹೋಯ್ತ್?"

ನಾನು ಅನ್ನದ ಕಡೆ ನೋಡಿದೆ. ಭಾವ ಮಜ್ಜಿಗೆಗೆ ಕಾಯದೆ ಎದ್ದು ಕೈ ತೊಳೆದರು.

ಅಕ್ಕ ವರ್ಷಗಟ್ಟಲೆ ಹೇಳಿದರೂ ಆಗದ್ದನ್ನು ಮೊಬೈಲ್ ಅಂಗಡಿಯವನು ಸಾಧಿಸಿದ. ಭಾವ ಕುಂದಾಪುರದ ಡಾಕ್ಟರ ಬಳಿ ಹೋದರು, ಎಲೆಯಡಿಕೆ ಬಿಟ್ಟರು, ಹೇಳಿದ ಹೊತ್ತಿಗೆ ಔಷಧ ಕುಡಿದರು. ಕೆಮ್ಮು ನಿಂತಿತು. ಆ ಉತ್ಸಾಹದಲ್ಲೇ 'ಹ್ವಾಯ್' ಅನ್ನೂ ಬಿಟ್ಟರು. ಯಾರೂ ಅನುಕರಿಸಲಾಗದಂಥ ಶುದ್ಧ ಕನ್ನಡ ರೂಢಿಸಿಕೊಂಡರು. ಅದನ್ನು ಯಾರೂ ಅನುಕರಿಸಲಿಲ್ಲ ಎಂಬುದು ನಿಜ.

ಬಿಜೂರಿನ ಕ್ಲಬ್ಬಿನ ಅಧ್ಯಕ್ಷರು ಕರೆಯೋಲೆ ಹಿಡಿದು ಅಂಗಡಿಗೇ ಬಂದರು. ನಾನೂ ಅಲ್ಲಿದ್ದೆ.

"ಬೇಜಾರ್ ಮಾಡ್ಕಣ್ಬೇಡಿ. ಈ ಸಲ ನಾವ್ ಉಪ್ಪುಂದದವ್ರನ್ನೂ ಕರ್ದಿತ್. ಬೆಳಿಗ್ಗೆ ನೀವ್, ಮಧ್ಯಾಹ್ನ ಅವ್ರ್. ಜನ ಯಾರ್ ಬೇಕ್ ಅಂತ್ರೋ ಅವ್ರಿಗೆ ಫೈನಲ್."

"ಧಾರಾಳ," ಎಂದರು ಭಾವ. "ಅಸಲಿ ಯಾವ್ದ್, ನಕಲಿ ಯಾವ್ದ್ ಅಂದೇಳಿ ಜನಕ್ ಗೊತ್ತಿತ್ತ್."

ಜನರ ವಿವೇಕದ ಬಗ್ಗೆ ಇಂಥ ಹೇಳಿಕೆಗಳನ್ನು ನಾನು ಸಾಮಾನ್ಯವಾಗಿ ಮತ ಎಣಿಕೆಯ ಮುಂಚಿನ ದಿನ ಬರೆದುಕೊಳ್ಳುತ್ತೇನೆ.

ಬಿಜೂರಿನ ಗದ್ದೆಯಲ್ಲಿ ಆ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿಯಷ್ಟೇ ಅಚ್ಚುಕಟ್ಟಾಗಿ ಮಾತಾಡಿದರು. "ಮಾನ್ಯ ಪ್ರೇಕ್ಷಕರೇ, ಚೆಂಡು ಗಡಿರೇಖೆಯನ್ನು ದಾಟಿದೆ." ಕೆಮ್ಮಿಲ್ಲ, ಗದರಿಕೆಯಿಲ್ಲ. ನನ್ನ ಪಕ್ಕದಲ್ಲಿ ಗೋಳಿಬಜೆ ತಿನ್ನುತ್ತಿದ್ದವರೊಬ್ಬರು ಪಕ್ಕದವರಿಗೆ ಹೇಳಿದರು: "ಇವ್ರಿಗ್ ಹುಶಾರಿಲ್ಲೆ ಕಾಣತ್ತ್, ಪಾಪ." ಭಾವನ ಆರೋಗ್ಯ ಅಷ್ಟು ಚೆನ್ನಾಗಿ ಹಿಂದೆಂದೂ ಇರಲಿಲ್ಲ.

ಮಧ್ಯಾಹ್ನ ಮೊಬೈಲ್ ಅಂಗಡಿಯವನು ಬಂದು ಮೊದಲು ಭಾವನ ಕಾಲು ಮುಟ್ಟಿ ನಮಸ್ಕರಿಸಿದ, ಆಮೇಲೆ ಮೈಕು ತೆಗೆದುಕೊಂಡ. ಮೊದಲ ಸಿಕ್ಸರಿಗೇ ಕೆಮ್ಮಿದ. ಗದ್ದೆಯ ಅಂಚಿನಲ್ಲಿದ್ದವರೆಲ್ಲ ಎದ್ದು ಕೂಗಿದರು. ಫೈನಲ್ ಯಾರಿಗೆಂದು ಕೇಳುವ ಅಗತ್ಯವೇ ಬರಲಿಲ್ಲ. ಅಧ್ಯಕ್ಷರು ಭಾವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಸಮಾಧಾನ ಹೇಳಿದರು: "ಯಾರ್ ಮಾತಾಡಿರೆಂತ? ನಿಮ್ಮ್ ಸ್ವರವೇ ಕೇಂಡಂಗ್ ಆತ್ತ್ ಅಲ್ದಾ?"

ಭಾವ ಕಣ್ಣು ಮುಚ್ಚಿ ಫೈನಲನ್ನು ಪೂರ್ತಿ ಕೇಳಿದರು. ಊರಿಗೆ ಮರಳುವ ಬಸ್ಸು ಕುಂದಾಪುರ ದಾಟಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು:

"ಅವ ಕೆಮ್ಮುದ್ ಸಮ ಇಲ್ಲೆ. ಎರಡ್ನೇ ಕೆಮ್ಮ್ ಎಳಿತ. ನಂದ್ ಎರಡೂ ಗಿಡ್ಡ."

ಕೆಮ್ಮಿನ ಅಸ್ತಿತ್ವದ ಬಗ್ಗೆ ಅವರ ಮೊದಲ ಅಧಿಕೃತ ಹೇಳಿಕೆ ಅದು.

ವಾರ ಕಳೆದಿರಲಿಲ್ಲ, ಅಕ್ಕನ ಫೋನ್. "ನಿನ್ ಭಾವ ಬಚ್ಚಲಂಗೆ ಬಾಗಿಲ್ ಹಾಕ್ಕಂಡ್ ಕೆಮ್ಮುಕ್ ಕಲಿತಾ ಇದ್ರ್ ಮಾರಾಯಾ. ಮೊಬೈಲಂಗೆ ಆ ವಿಡಿಯೋ ಹಾಕ್ಕಂತ್ರ್, ಅವ ಕೆಮ್ಮತ್ತ, ಇವ್ರ್ ಕೆಮ್ಮತ್ರ್. ಹಂಡೆ ನೀರ್ ಎಲ್ಲ ತಣ್ದ್ ಹೋಯ್ತ್."

"ಡಾಕ್ಟರ್ ಎಂತ ಹೇಳ್ತ್ರ್?"

"ಮಾತ್ರೆ ಕೊಟ್ಟ್ ವಾಸಿ ಮಾಡಿದ್ದನ್ನ ವಾಪಾಸ್ ಕೊಡಿ ಅಂಬುಕಾತ್ತಾ?"

ಈ ವರ್ಷ ಬಿಜೂರಿನಿಂದ ಅಧ್ಯಕ್ಷರು ಮತ್ತೆ ಫೋನ್ ಮಾಡಿದಾಗ ನಾನು ಅಂಗಡಿಯಲ್ಲೇ ಇದ್ದೆ. ಭಾವ ಸ್ಪೀಕರಿಗೆ ಹಾಕಿದರು.

"ಫೈನಲ್ ನಿಮ್ಗೇ ಕೊಡ್ಕ್ ಅಂದೇಳಿ ಹಿರಿಯರೆಲ್ಲ ಹೇಳ್ತ್ರ್. ಆರೆ ಹೋದ್ಸಲದಂಗೆ ಬೇಡ. ಮೊದ್ಲಿನ ಹಾಂಗ್ ಮಾತಾಡುಕಾತ್ತಾ?"

ಭಾವ ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಒಮ್ಮೆ ನೋಡಿದರು, ಬೆನ್ನು ನೆಟ್ಟಗೆ ಮಾಡಿದರು, ಫೋನನ್ನು ಬಾಯಿಯ ಹತ್ತಿರ ತಂದು ಎರಡು ಸಲ ಕೆಮ್ಮಿದರು.

ಆ ಕಡೆಯಿಂದ ಅಧ್ಯಕ್ಷರು ಖುಷಿಯಿಂದ, "ಹ್ವಾಯ್, ಅದೇ! ಅದೇ ಬೇಕಾದ್ದ್!" ಎಂದರು. ಫೈನಲ್ ಮರಳಿ ಸಾಲಿಗ್ರಾಮಕ್ಕೆ ಬಂತು.

ಭಾವ ನನ್ನ ಕಡೆ ಗೆದ್ದ ಮುಖ ಮಾಡಿದರು. ನಾನೂ ತಲೆಯಾಡಿಸಿದೆ. ಎರಡನೆಯ ಕೆಮ್ಮು ಸ್ವಲ್ಪ ಎಳೆದಿತ್ತು.